ಗುಡ್ಡದ ಬೀದಿಗೆ ನೀರು

ಮೂರು ಸಲ ಒತ್ತಿದರೂ ಊರು ತೆರೆಯಲಿಲ್ಲ. ಪರದೆಯ ನಡುವೆ ಒಂದು ಬಿಳಿ ಚೌಕ ಬಂತು, ಈ ಆಟ ಹೊಸ ಸಿಸ್ಟಂಗೆ ಹೊಂದುವುದಿಲ್ಲ ಎಂದಿತು, ಮಾಯವಾಯಿತು. ನೀರು ಸರಬರಾಜಿನ ಮೇಸ್ತ್ರಿಗೆ ಎದೆ ಧಸಕ್ಕೆಂದಿತು. ಇಪ್ಪತ್ತಾರು ವರ್ಷ ವಾಲ್ವು ತಿರುಗಿಸಿ ಕಲ್ಲಾಗಿದ್ದ ಕೈ ಮೌಸನ್ನು ನಾಲ್ಕನೆಯ ಸಲ ಒತ್ತಿತು.

"ಇದನ್ನ ಯಾರು ಮುಟ್ಟಿದ್ರು?"

ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಬೆಳಿಗ್ಗೆ ಮೇಜು ಒರೆಸುವಾಗ ಪರದೆ ಮೇಲೆ ಮತ್ತೆ ಅದೇ ಪ್ರಶ್ನೆ ಬಂದಿತ್ತಂತೆ, ಅಪ್‌ಡೇಟ್ ಮಾಡಲೇ, ಆಮೇಲೆ ಮಾಡಲೇ ಅಂತ. ವರ್ಷದಿಂದ ಅದು ಪೀಡಿಸುವುದೂ ಇವನು 'ಆಮೇಲೆ' ಒತ್ತುವುದೂ ನಡೆದೇ ಇತ್ತು. ಒಂದು ಸಲ ಹೂಂ ಅಂದರೆ ಪೀಡೆ ತೊಲಗೀತು ಅಂತ ಅವಳು ಹೂಂ ಅಂದಿದ್ದಳು. ಪಾಪ, ಒಳ್ಳೆಯದಕ್ಕೇ ಅಂದಿದ್ದು. ಅವನು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಆ ಊರು ಮಗಳು ಕಟ್ಟಿದ್ದು. ಆಟದೊಳಗಿನ ಊರಾದರೇನು, ರಸ್ತೆ, ಶಾಲೆ, ಬಸ್ಸು, ಬೀದಿದೀಪ ಎಲ್ಲವೂ ಇತ್ತು. ಕಾಲೇಜು ಮುಗಿಸಿ ಬಂದವಳೇ ಅದರ ಮುಂದೆ ಕೂರುತ್ತಿದ್ದಳು. ಅಪ್ಪ ಹಿಂದೆ ನಿಂತು ತಪ್ಪು ಹುಡುಕುತ್ತಿದ್ದ. ಕೊನೆಗೆ ಕಟ್ಟಿದ್ದು ಗುಡ್ಡದ ಮೇಲಿನ ಬೀದಿ, ಹದಿನಾಲ್ಕು ಮನೆ. ಅದಕ್ಕೆ ಅವಳು ಎಳೆದಿದ್ದ ಪೈಪು ನೋಡಿ ಇವನಿಗೆ ನಗು ತಡೆಯಲಾಗಿರಲಿಲ್ಲ. ಪಂಪಿಲ್ಲದೆ ನೀರು ಗುಡ್ಡ ಹತ್ತುತ್ತಾ, ನೀರಿನವನ ಮಗಳಾಗಿ ಮಾನ ಕಳೆದೆಯಲ್ಲೇ ಎಂದು ರೇಗಿಸಿದ್ದ. ನಾಳೆ ಹಾಕ್ತೀನಪ್ಪ, ಸುಮ್ನಿರು ಅಂದವಳು ಆಟ ನಿಲ್ಲಿಸಿ ಎದ್ದಿದ್ದಳು. ಮಾರನೆಯ ದಿನ ಜ್ವರ. ಎಂಟನೆಯ ದಿನ ಮಗಳಿಲ್ಲ.

ಅಂದಿನಿಂದ ಎರಡು ವರ್ಷ, ಕೆಲಸ ಮುಗಿಸಿ ಬಂದು ಅವನು ಊರು ತೆರೆಯುತ್ತಿದ್ದ. ಅದು ಅವಳು ನಿಲ್ಲಿಸಿದಂತೆಯೇ ತೆರೆದುಕೊಳ್ಳುತ್ತಿತ್ತು: ತಾರೀಖು ಹನ್ನೊಂದು, ಸೇತುವೆಯ ಮೇಲೆ ನಿಂತ ಕೆಂಪು ಬಸ್ಸು. ಏನನ್ನೂ ಮುಟ್ಟದೆ ಸ್ವಲ್ಪ ಹೊತ್ತು ನೋಡಿ ಮುಚ್ಚುತ್ತಿದ್ದ. ಅಷ್ಟೇ. ಅಷ್ಟರಿಂದಲೇ ಅವನ ದಿನ ಸಾಗುತ್ತಿತ್ತು.

ರಿಪೇರಿ ಅಂಗಡಿಯವಳು ಕಂಪ್ಯೂಟರನ್ನು ಎರಡು ದಿನ ಇಟ್ಟುಕೊಂಡಳು. ಹಳೆಯ ಸಿಸ್ಟಂ ಇನ್ನು ವಾಪಸ್ ಬರುವುದಿಲ್ಲ, ಹೊಸದರ ಕಣ್ಣಿಗೆ ಮಣ್ಣೆರಚಿ ಆಟ ನಡೆಯುವಂತೆ ಮಾಡಿದ್ದೇನೆ ಎಂದಳು. ಇವನು ಕೈ ಮುಗಿಯಲು ಹೋದ.

"ತಡೀರಿ ಅಣ್ಣ, ಒಂದು ತೊಂದ್ರೆ ಉಳ್ಕೊಂಡಿದೆ. ತೆರೆದ ತಕ್ಷಣ ಆಟ ತಾನಾಗೇ ಓಡೋಕೆ ಶುರುವಾಗುತ್ತೆ. ನಿಲ್ಲಿಸೋಕೆ ಹೋದ್ರೆ ಆಟಾನೇ ಮುಚ್ಚಿಹೋಗುತ್ತೆ. ಅದೊಂದು ನನ್ನ ಕೈಲಾಗ್ಲಿಲ್ಲ."

ಆ ಸಂಜೆ ಊರು ತೆರೆಯಿತು, ಬಸ್ಸು ಸೇತುವೆ ದಾಟಿಯೇ ಬಿಟ್ಟಿತು. ಜನ ನಡೆದರು, ತಾರೀಖು ಹನ್ನೆರಡಾಯಿತು. ಗುಡ್ಡದ ಮನೆಗಳ ಮೇಲೆ ಒಂದೊಂದಾಗಿ ನೀಲಿ ಹನಿಯ ಗುರುತು ಮಿಟುಕತೊಡಗಿತು: ನೀರಿಲ್ಲ. ಇಪ್ಪತ್ತನೆಯ ತಾರೀಖಿಗೆ ಮೊದಲ ಮನೆಯ ದೀಪ ಆರಿತು, ಸಾಮಾನು ತುಂಬಿದ ಪುಟ್ಟ ಲಾರಿಯೊಂದು ಗುಡ್ಡ ಇಳಿಯಿತು. ಅವನು ಸೇವ್ ಮಾಡದೆ ಮುಚ್ಚಿದ. ಮರುದಿನ ತೆರೆದರೆ ಮತ್ತೆ ಹನ್ನೊಂದು, ಮತ್ತೆ ಅದೇ ಲಾರಿ. ಹೀಗೆ ನಾಲ್ಕು ಸಂಜೆ, ಅವಳ ಬೀದಿ ಬರಿದಾಗುವುದನ್ನು ಕುಳಿತು ನೋಡಿದ. ವೈರಿಗೂ ಬೇಡ ಅಂಥ ಶಿಕ್ಷೆ.

ಐದನೆಯ ಸಂಜೆ ಹೆಂಡತಿ ಕುರ್ಚಿ ಎಳೆದು ಪಕ್ಕದಲ್ಲಿ ಕೂತಳು. ಅಪ್‌ಡೇಟ್ ಆದ ದಿನದಿಂದ ಅವಳು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಹನಿಗಳು ಮಿಟುಕುವುದನ್ನು ನೋಡಿ ಅವು ಏನೆಂದು ಕೇಳಿದಳು. ಹೇಳಿದ.

"ಊರಿಗೆಲ್ಲಾ ನೀರು ಬಿಡ್ತೀರಿ. ಇವರಿಗೆ ಬಿಡೋಕಾಗಲ್ವಾ?"

"ಅದು ಅವಳ ಊರು ಕಣೇ. ನಾನು ಕೈ ಹಾಕಿದ್ರೆ ಅವಳು ಬಿಟ್ಟ ಹಾಗೆ ಉಳಿಯಲ್ಲ."

ಅವಳು ಇನ್ನೊಂದು ಹನಿ ಮಿಟುಕುವುದನ್ನು ನೋಡಿದಳು. "ನಾಳೆ ಹಾಕ್ತೀನಿ ಅಂದಿದ್ಲಲ್ಲಾ," ಎಂದಳು ಆಮೇಲೆ.

ಅವನಿಗೆ ಅಳು ಬಂತು. ಮುಚ್ಚಿಡಲಿಲ್ಲ, ತೋಳಿನಿಂದ ಒರೆಸಿಕೊಂಡ. ಪಂಪು ಎಲ್ಲಿ ಸಿಗುತ್ತದೆಂದು ಪರದೆಯ ಮೂಲೆ ಮೂಲೆ ತಡಕಾಡಿದ. ಅಷ್ಟರಲ್ಲಿ ಎರಡು ಮನೆ ಖಾಲಿಯಾದವು. ಸಿಕ್ಕಿದ ಮೇಲೆ ಮಾತ್ರ ಕೈ ತಡವರಿಸಲಿಲ್ಲ. ಗುಡ್ಡದ ಬುಡದಲ್ಲಿ, ನೀರಿಗೆ ಹತ್ತಿರದಲ್ಲಿ ಇಟ್ಟ. ಅವಳ ಪೈಪಿನಲ್ಲಿ ಬೇಡದ ಎರಡು ತಿರುವಿದ್ದವು. ನೇರ ಮಾಡಬಹುದಿತ್ತು, ಮಾಡಲಿಲ್ಲ. ಅದರ ಕೆಳತುದಿಗೇ ತನ್ನ ಪಂಪನ್ನು ಜೋಡಿಸಿದ.

ಕೆಳಗಿನ ಮನೆಯ ಹನಿ ಮೊದಲು ಹೋಯಿತು. ಆಮೇಲೆ ಅದರ ಮೇಲಿನದು. ಹೆಂಡತಿ ಬೆರಳು ತೋರಿಸಿ ಎಣಿಸುತ್ತಾ ಹೋದಳು, ಹನ್ನೆರಡು ಮನೆ. ಖಾಲಿಯಾದ ಎರಡು ಹಾಗೇ ಕತ್ತಲಾಗಿದ್ದವು.

ಮುಚ್ಚಲು ಹೋದಾಗ ಆಟ ಕೇಳಿತು: ಹಳೆಯದರ ಮೇಲೆಯೇ ಉಳಿಸಲೇ? ಅವನು ಹೆಂಡತಿಯ ಮುಖ ನೋಡಿದ. ಹೂಂ ಒತ್ತಿದ.

ವಾಲ್ವು ತೆರೆದ ಮೇಲೆ ನೀರು ಹರಿಯುತ್ತಿದೆಯೇ ಎಂದು ಪೈಪಿನ ಮೇಲೆ ಅಂಗೈ ಇಟ್ಟು ನೋಡುವುದು ಅವನ ಇಪ್ಪತ್ತಾರು ವರ್ಷದ ರೂಢಿ. ಈಗಲೂ ಕೈ ತಾನಾಗಿ ಹೋಗಿ ಕಂಪ್ಯೂಟರಿನ ಡಬ್ಬಿಯ ಮೇಲೆ ಕೂತಿತು. ಅದು ಬೆಚ್ಚಗಿತ್ತು, ಒಳಗೇನೋ ಸಣ್ಣಗೆ ಹರಿಯುತ್ತಿತ್ತು. ಹೆಂಡತಿಯೂ ತನ್ನ ಕೈಯನ್ನು ಪಕ್ಕದಲ್ಲಿಟ್ಟಳು.