ಅತ್ತೆಯ ಎಡಗೈ ಹದ

ನಮ್ಮತ್ತೆ ಹಟ ಹಿಡಿದರೆ ಮುಗಿಯಿತು. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಅವರನ್ನು ನಮ್ಮ ಮನೆಗೆ ಕರೆತಂದು ಐದು ತಿಂಗಳಾಗಿತ್ತು. ಅಷ್ಟೂ ದಿನ ಅವರದು ಒಂದೇ ರಾಗ. ಎರಡು ಬೀದಿ ಆಚೆ ಇರುವ ತಮ್ಮ ಮನೆಗೆ ಹೋಗಬೇಕು, ಒಬ್ಬರೇ ಇರಬೇಕು. ಹೋದ ತಿಂಗಳು ಸ್ಪರ್ಶವೇ ಇಲ್ಲದ ಆ ಬಲಗೈ ಕಾದ ಕೆಟಲ್‌ಗೆ ಒರಗಿಕೊಂಡೇ ಇತ್ತು, ಅವರಿಗೆ ಗೊತ್ತೇ ಆಗಿಲ್ಲ. ಸಂಜೆ ಬಟ್ಟೆ ಬದಲಿಸುವಾಗ ಬೊಬ್ಬೆ ನೋಡಿ ನನ್ನ ಜೀವ ಹೋದಂತಾಯಿತು. ಇಂಥವರನ್ನು ಒಲೆಯ ಮುಂದೆ ಒಬ್ಬರನ್ನೇ ಬಿಡುವುದು ಹೇಗೆ?

ದಿನಾ ಜಗಳವಾಡಿ ಸಾಕಾಗಿ ಮೊನ್ನೆ ನಾನೇ ಬಾಯಿ ಜಾರಿ ಪಂಥ ಕಟ್ಟಿದೆ.

"ನಿಮ್ಮ ಖರ್ಜೂರದ ಸುರುಳಿ ಬಿಸ್ಕತ್ತು ಮಾಡಿ ತೋರಿಸಿ ಅತ್ತೆ. ಒಂದೂ ಬಿರಿದು ಬಾಯಿ ಬಿಡದೆ ಬಂದ್ರೆ ನಿಮ್ಮ ಮನೆ ಕೀ ಕೊಡ್ತೀನಿ."

"ಮಾತು ಅಂದ್ರೆ ಮಾತು ತಾನೇ?" ಎಂದರು.

ಆ ಬಿಸ್ಕತ್ತಿನ ಗುಟ್ಟೆಲ್ಲ ಹಿಟ್ಟಿನ ಹದದಲ್ಲಿದೆ. ಮದುವೆಯಾಗಿ ಹದಿನೆಂಟು ವರ್ಷ, ನಾದುವ ಕೂಲಿ ನನ್ನದು, ತೀರ್ಪು ಅವರದು. ಬಲಗೈಯ ಎರಡು ಬೆರಳಲ್ಲಿ ಹಿಟ್ಟು ಚಿವುಟುತ್ತಿದ್ದರು, ಆಮೇಲೆ ತಮ್ಮ ಕಿವಿಯ ಹಾಲೆ ಚಿವುಟುತ್ತಿದ್ದರು. ಎರಡೂ ಒಂದೇ ಸಮ ಮೆತ್ತಗಿದ್ದರೆ ಸರಿ. ಕಿವಿಗೆಲ್ಲ ಹಿಟ್ಟು ಮೆತ್ತಿಕೊಂಡು ತಿರುಗುವ ಹೆಂಗಸು ಊರಿಗೆ ಇವರೊಬ್ಬರೇ.

ನಿನ್ನೆ ಎಡಗೈಯಿಂದ ಚಿವುಟಿದರು. ಹಿಟ್ಟು, ಕಿವಿ, ಮತ್ತೆ ಹಿಟ್ಟು.

"ಸರಿಯಾಗಿದೆ," ಎಂದರು.

ಎಲ್ಲಿಂದ ಸರಿ? ನೀರು ಜಾಸ್ತಿಯಾಗಿ ನನ್ನ ಬೆರಳಿಗೆಲ್ಲ ಅಂಟುತ್ತಿತ್ತು. ಓವನ್ನಿನಲ್ಲಿ ಹೂರಣವೆಲ್ಲ ಹರಿದು ಕರಕಲಾಗುವುದು ಖಂಡಿತ. ನನಗೆ ಬೇಕಾಗಿದ್ದೂ ಅದೇ. ಆದರೆ ಅವರ ಮುಖ ನೋಡಿದೆ. ಮೊದಲ ದಿನ ಶಾಲೆಗೆ ಹೊರಟ ಮಗುವಿನ ಹಾಗಿತ್ತು. ಅವರು ಬಚ್ಚಲಿಗೆ ಹೋದದ್ದೇ ತಡ, ಎರಡು ಹಿಡಿ ಮೈದಾ ಸುರಿದು ನಾದಿಬಿಟ್ಟೆ. ಆ ಗಳಿಗೆಯಲ್ಲಿ ಕೀಯ ಮಾತು ತಲೆಯಲ್ಲೇ ಇರಲಿಲ್ಲ ಎಂದರೆ ನಂಬುತ್ತೀರಾ?

ಆಮೇಲೆಲ್ಲ ಅವರೇ ಮಾಡಿದರು. ನಾನು ಲಟ್ಟಿಸಿಕೊಟ್ಟ ಹಾಳೆಗೆ ಚಮಚದ ಬೆನ್ನಿನಿಂದ ಖರ್ಜೂರದ ಹೂರಣ ಸವರಿದರು, ಎಡಗೈ ಒಂದರಲ್ಲೇ ಸುರುಳಿ ಸುತ್ತಿದರು, ಅಂಚಿಗೆ ನೀರು ಹಚ್ಚಿ ಒತ್ತಿದರು. ಇಪ್ಪತ್ತು ನಿಮಿಷ ಓವನ್ನಿನ ಗಾಜಿನ ಮುಂದಿನಿಂದ ಕದಲಲಿಲ್ಲ.

ಒಂದೂ ಬಾಯಿ ಬಿಟ್ಟಿರಲಿಲ್ಲ.

ಆಸ್ಪತ್ರೆಯಲ್ಲೂ ಅಳದ ಹೆಂಗಸು ಟ್ರೇ ನೋಡಿ ಗಳಗಳನೆ ಅತ್ತರು. "ಈ ಎಡಗೈ ದಂಡಕ್ಕಿದೆ ಅಂದ್ಕೊಂಡಿದ್ದೆ ಕಣೇ. ಎಲ್ಲಾ ಕಲಿತುಬಿಟ್ಟಿದೆ ನೋಡು!" ಎನ್ನುತ್ತ ಬಿಸಿ ಬಿಸ್ಕತ್ತೊಂದನ್ನು ನನ್ನ ಬಾಯಿಗೆ ತುರುಕಿದರು. ಅಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ.

ಮೈದಾ ಸುರಿದ ನಿಜವನ್ನು ಹೇಳಿದರೆ ಆ ಎಡಗೈ ಇನ್ನು ಲೋಟ ಹಿಡಿಯಲೂ ಹೆದರೀತು. ಹೇಳದಿದ್ದರೆ ಆ ಮನೆ, ಆ ಒಲೆ, ಇವರೊಬ್ಬರೇ. ಸಿಟ್ಟು ಮಾಡೋಣವೆಂದರೆ ಯಾರ ಮೇಲೆ?

"ಅತ್ತೆ, ನಾಳೆ ನಿಮ್ಮ ಮಗ ಬರಲಿ, ಕೇಳಿ..."

"ಅವನನ್ನ ಏನು ಕೇಳೋದು? ನೀನು ಮಾತಿಗೆ ತಪ್ಪೋಳಲ್ಲ, ನಂಗೊತ್ತು," ಎಂದು ಎಡಗೈ ಚಾಚಿದರು.

ಕೀ ಕೊಟ್ಟೆ.