ಜಯಕ್ಕ ಬಂದೂಕಿನ ಸಂಘ ಸೇರಿದ್ದು

ಬಂದೂಕು ಇಟ್ಟುಕೊಂಡವರೆಲ್ಲ ಸೇರಿ ಚಳ್ಳಕೆರೆಯಲ್ಲಿ ಒಂದು ಸಂಘ ಕಟ್ಟಿದ್ದಾರೆ ಅಂತ ಕೇಳಿದಾಗ ಜಯಕ್ಕನ ತಲೆಯಲ್ಲಿ ಎದ್ದದ್ದು ಒಂದೇ ಪ್ರಶ್ನೆ. ಹಾಲಿನ ಸಂಘದವರು ಹಾಲು ಅಳೆಯುತ್ತಾರೆ, ಭಜನೆ ಸಂಘದವರು ತಾಳ ಹಾಕುತ್ತಾರೆ. ಬಂದೂಕಿನ ಸಂಘದವರು ಒಂದು ಕಡೆ ಕೂತು ಮಾಡುವುದಾದರೂ ಏನು?

"ಗುರಿ ಹೊಡಿಯೋದು ಕಲಿಸ್ತಾರಂತೆ. ಯಾರಿಗೂ ಪೆಟ್ಟಾಗದಂಗೆ ಬಂದೂಕು ಹಿಡಿಯೋದು ಹೇಳಿಕೊಡ್ತಾರಂತೆ ಅತ್ಗೆ," ಅಂದ ಮೈದುನ ಬೊಮ್ಮಣ್ಣ.

"ಯಾರಿಗೂ ಪೆಟ್ಟಾಗಬಾರ್ದು ಅಂದ್ರೆ ಬಂದೂಕು ಯಾಕಲೇ? ಕೋಲು ಸಾಕಲ್ಲ."

ನಗೆ ನಗೆಯಲ್ಲೇ ಹೋಯಿತು, ಆದರೆ ವಿಷಯ ನಗೆಯದ್ದಾಗಿರಲಿಲ್ಲ. ಕೊಂಡ್ಲಹಳ್ಳಿಯ ಅವರ ಮನೆಯಲ್ಲಿ ಗೂಟಕ್ಕೆ ತೂಗುತ್ತಿದ್ದ ಬಂದೂಕು ಮಾವ ದೊಡ್ಡಪಾಲಯ್ಯನದು. ನಳಿಗೆಯ ಬಾಯಿಂದ ಮದ್ದು ತುಂಬಿ ಹೊಡೆಯುವ ಹಳೇ ಕಾಲದ್ದು. ಮುದುಕನಿಗೆ ಎಪ್ಪತ್ತು ದಾಟಿ ಕಣ್ಣು ಮಂಜಾಗಿತ್ತು. ಲೈಸೆನ್ಸನ್ನು ಮನೆಯಲ್ಲಿ ಇನ್ನೊಬ್ಬರ ಹೆಸರಿಗೆ ಮಾಡಿಸಬೇಕಿತ್ತು. ಗಂಡ ತೀರಿಕೊಂಡ ಮೇಲೆ ಜಯಕ್ಕ ಒಬ್ಬಳೇ ಶೇಂಗಾ ಬೆಳೆಯುತ್ತಿದ್ದಳು, ಕಾಯಿ ಕಟ್ಟುವ ಹೊತ್ತಿಗೆ ಹೊಲದ ಗುಡಿಸಲಲ್ಲೇ ಮಲಗುತ್ತಿದ್ದಳು. ಡಬ್ಬ ಬಡಿದರೆ ಬೆಳೆಗೆ ನುಗ್ಗುವ ಈಗಿನ ಕಾಡುಹಂದಿಗಳು ತಲೆ ಎತ್ತಿಯೂ ನೋಡುವುದಿಲ್ಲ. ಒಂದು ಢಂ ಅಂದರೆ ಗುಡ್ಡ ಸೇರುತ್ತವೆ. ಚಳ್ಳಕೆರೆಯಲ್ಲಿ ಆಟೋ ಓಡಿಸುವ ಬೊಮ್ಮಣ್ಣನಿಗೆ ಹಂದಿಯ ಕಾಟವಿರಲಿಲ್ಲ. ಮೀಸೆ ಇತ್ತು, ಅದಕ್ಕೆ ಹೊಂದುವಂಥದ್ದೊಂದು ಹೆಗಲ ಮೇಲೆ ಬೇಕಿತ್ತು.

ಮಾವ ತೀರ್ಮಾನ ಕೊಟ್ಟ: "ಸಂಘದೋರು ಯಾರನ್ನ ಸೇರಿಸ್ಕೊಂತಾರೋ ಅವರ ಹೆಸರಿಗೆ. ಆಮೇಲೆ ನನ್ನ ಮುಂದೆ ಯಾರೂ ಅಳಬಾರ್ದು."

ಭಾನುವಾರ ಮೂವರೂ ಬಸ್ಸು ಹತ್ತಿದರು. ಕಂಬಳಿ ಸುತ್ತಿದ ಬಂದೂಕು ಬೊಮ್ಮಣ್ಣನ ತೊಡೆಯ ಮೇಲಿತ್ತು.

ಸಂಘದವರು ಸೇರುವುದು ಮುಚ್ಚಿದ ಎಣ್ಣೆ ಮಿಲ್ಲೊಂದರ ಹಿತ್ತಲಲ್ಲಿ. ಆ ಕೊನೆಗೆ ಮಣ್ಣಿನ ದಿಬ್ಬ, ಅದರ ಮುಂದೆ ಶೇಂಗಾ ಸಿಪ್ಪೆ ತುಂಬಿದ ಚೀಲಗಳು, ಚೀಲಕ್ಕೆ ಅಂಟಿಸಿದ ಕಾಗದದ ಗುರಿ. ಮಿಲಿಟರಿಯಿಂದ ನಿವೃತ್ತನಾದ ಕಲ್ಲೇಶಪ್ಪ ಸಂಘದ ಅಧ್ಯಕ್ಷ.

"ಅಕ್ಕಾ, ಸ್ತ್ರೀಶಕ್ತಿ ಸಂಘ ಆ ಕಡೆ ಬೀದಿ," ಅಂದನೊಬ್ಬ.

"ಅಲ್ಲಿ ಆಗ್ಲೇ ಮೆಂಬರು ನಾನು. ಇಲ್ಲೇನೈತೆ ಅಂತ ನೋಡಾನ ಅಂತ ಬಂದೆ."

ಮೊದಲು ಗುರಿಯ ಪರೀಕ್ಷೆ, ಸಂಘದ ಗಾಳಿ ಬಂದೂಕಿನಲ್ಲಿ. ಜಾತ್ರೆಗಳಲ್ಲಿ ಬಲೂನು ಹೊಡೆದು ಪಳಗಿದ ಬೊಮ್ಮಣ್ಣ ನಡುಮಧ್ಯಕ್ಕೇ ಇಟ್ಟ. ಜಯಕ್ಕ ಹಿಡಿಯುವ ಮೊದಲೇ ಶುರುಮಾಡಿದಳು. ಒಂದು ಕಣ್ಣು ಮುಚ್ಚೋದು ಯಾಕೆ? ಉಸಿರು ಹಿಡಿದ್ರೆ ಏನಾಗ್ತದೆ? ಕಲ್ಲೇಶಪ್ಪ ಬೇಸರಿಸದೆ ಹೇಳಿದ. ಇಷ್ಟೆಲ್ಲ ಕೇಳಿ ಅವಳು ಹೊಡೆದದ್ದು ಪಕ್ಕದ ಚೀಲಕ್ಕೆ. ಎರಡನೆಯದಕ್ಕೆ ಕಾಗದದ ಅಂಚು ಹರಿಯಿತು.

"ಮನೆಗೆ ಹೋಗಾನ ನಡೀ ಅತ್ಗೆ," ಅಂತ ಬೊಮ್ಮಣ್ಣ ಮೀಸೆ ತೀಡಿದ.

"ಇನ್ನೊಂದು ಐತೆ," ಅಂದ ಕಲ್ಲೇಶಪ್ಪ. ಮುದುಕನ ಬಂದೂಕನ್ನು ದಿಬ್ಬಕ್ಕೆ ಮುಖಮಾಡಿ ಮೇಜಿನ ಮೇಲಿಟ್ಟ. "ಇದು ತುಂಬೈತೋ, ಖಾಲಿ ಐತೋ?"

"ಖಾಲಿ ಸಾರ್. ಎರಡು ವರ್ಷದಿಂದ ಯಾರೂ ಹೊಡೆದಿಲ್ಲ. ತಿಪ್ಪೇಸ್ವಾಮಿ ಆಣೆ!" ಅಂದ ಬೊಮ್ಮಣ್ಣ.

ಜಯಕ್ಕನ ನಾಲಿಗೆ ತುದಿಗೂ ಅದೇ ಮಾತು ಬಂದಿತ್ತು. ಆದರೆ ಅವಳ ಕಣ್ಣು ನಳಿಗೆಯ ಕಪ್ಪು ಬಾಯಿಯ ಮೇಲೆ ನಿಂತಿತು. ಇಷ್ಟು ವರ್ಷ ಧೂಳು ಒರೆಸಿದ್ದಳು, ಒಳಗೇನಿದೆ ಅಂತ ಒಂದು ದಿನವೂ ಕೇಳಿರಲಿಲ್ಲ.

"ಒಳಗೆ ನೋಡೋದು ಹೆಂಗೆ ಸಾರ್?"

"ಮೊದ್ಲು ಉತ್ತರ ಹೇಳಮ್ಮ."

"ನೋಡ್ದೆ ಹೆಂಗೆ ಹೇಳ್ಲಿ? ಖಾಲಿ ಅಂತ ಅನ್ಸತೈತೆ. ಅನ್ಸೋದು ಬೇರೆ, ಇರೋದು ಬೇರೆ."

ಸುತ್ತ ನಿಂತವರು ನಕ್ಕರು. ಕಲ್ಲೇಶಪ್ಪ ನಗಲಿಲ್ಲ. ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಬಂದೂಕಿಗೆ ಹಾಕಿಲ್ಲವೆಂದು ತೋರಿಸಿ, ಮದ್ದು ಜಡಿಯುವ ಉದ್ದ ಕಡ್ಡಿಯನ್ನು ಅವಳ ಕೈಗೆ ಕೊಟ್ಟ. "ಬಾಯಿಗೆ ಎದುರು ನಿಲ್ಲಬೇಡ, ಪಕ್ಕಕ್ಕೆ ನಿಂತು ಒಳಗೆ ಬಿಡು. ಕಡ್ಡಿ ನಿಂತಾಗ ಬಾಯಿ ಹತ್ರ ಅದರ ಮೇಲೆ ಬೆರಳು ಹಿಡಿ. ತೆಗೆದು ಹೊರಗಿಂದ ಅಳೆ."

ಸೀಮೆಎಣ್ಣೆ ಡಬ್ಬಕ್ಕೆ ಕಡ್ಡಿ ಅದ್ದಿ ಎಷ್ಟಿದೆ ಅಂತ ನೋಡಿದ ಕೈ ಅದು. ಬಿಟ್ಟಳು, ತೆಗೆದಳು, ನಳಿಗೆಯ ಪಕ್ಕಕ್ಕೆ ಹಿಡಿದಳು. ಮತ್ತೊಮ್ಮೆ ಬಿಟ್ಟು ನೋಡಿದಳು.

"ಸಾರ್, ತಳ ಮುಟ್ತಿಲ್ಲ. ನಾಕು ಬೆರಳು ಮೇಲೇ ನಿಂತ್ಕಂತೈತೆ."

ನಕ್ಕವರೆಲ್ಲ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

ಬೇವಿನ ನೆರಳಿನಿಂದ ಮುದುಕನ ದನಿ ಬಂತು. "ಮತ್ತೆ? ಆಯುಧ ಪೂಜೆಗೆ ದೇವರ ಮುಂದೆ ಬರಿದು ಇಡ್ತಾರೇನು? ಬರೀ ಕೊಡ, ಬರೀ ಮೊರ, ಬರೀ ಬಂದೂಕು ಇಡಬಾರ್ದು ಅಂತ ನಮ್ಮಪ್ಪನ ಕಾಲದಿಂದ ನಡೆದು ಬಂದೈತೆ."

"ಪೂಜೆ ಆದ್ಮೇಲೆ ತೆಗೀಬೇಕಲ್ಲ ಯಜಮಾನ್ರೇ?" ಅಂದ ಕಲ್ಲೇಶಪ್ಪ.

"ವರ್ಷಾ ವರ್ಷ ತೆಗೀತಿದ್ದೆ. ಹೋದ ಸಲ..." ಮುದುಕನ ದನಿ ಇಳಿಯಿತು. "ಮರ್ತೆ ಕಣಪ್ಪ."

"ಅಯ್ಯಯ್ಯೋ, ಬಸ್ಸಿನಾಗೆ ತೊಡೆ ಮೇಲೆ ಇಟ್ಕಂಡು ಬಂದೀನಲ್ಲಪ್ಪೋ!" ಅಂತ ಬೊಮ್ಮಣ್ಣ ಎರಡೂ ತೊಡೆ ಸವರಿಕೊಂಡ. ಸ್ತ್ರೀಶಕ್ತಿ ಅಂದವನು ಸದ್ದಿಲ್ಲದೆ ತನ್ನ ಬಂದೂಕಿನ ಗಂಟಿನ ಕಡೆ ನಡೆದ.

ಕಲ್ಲೇಶಪ್ಪ ನಳಿಗೆಗೆ ನೀರು ಹೊಯ್ದು, ನೆನೆದ ಮದ್ದನ್ನು ಕೆರೆದು ತೆಗೆದ. ಆಮೇಲೆ, "ಜಯಕ್ಕ, ನಿನ್ನ ಸೇರಿಸ್ಕಂಡೀವಿ," ಅಂದ.

"ನಡುಮಧ್ಯ ಹೊಡೆದೋನು ನಾನಲ್ವಾ ಸಾರ್?"

"ನೀನು ಹೊಡೀತೀಯ ಕಣಪ್ಪ. ನನಗೆ ಅದೇ ಭಯ. ಗುರಿ ಯಾರಿಗಾದ್ರೂ ಕಲಿಸಬಹುದು. ಆಣೆ ಇಡೋದು ಬಿಟ್ಟು ಕಡ್ಡಿ ಇಡೋದು ಕಲ್ತುಕೊಂಡು ಬಾ, ನಿನ್ನೂ ಸೇರಿಸ್ಕಂತೀವಿ."

ಆ ವರ್ಷದ ಆಯುಧ ಪೂಜೆಗೆ ಜಯಕ್ಕ ಬಂದೂಕಿಗೆ ಕುಂಕುಮ ಇಟ್ಟು ಖಾಲಿಯಾಗಿಯೇ ದೇವರ ಮುಂದೆ ಒರಗಿಸಿದಳು. ಕಡ್ಡಿ ತಳ ಮುಟ್ಟಿಸಿ ಹಾಗೇ ಒಳಗೆ ಬಿಟ್ಟಿದ್ದಳು. ಮುದುಕ ಬಂದು ಕಡ್ಡಿಯನ್ನು ಸವರಿ ನೋಡಿ ಗೊಣಗಿದ: "ಬರಿದು ಇಟ್ಟೀಯಲ್ಲೇ."

ಅವಳು ಅವನ ಕೈಯನ್ನು ಪಕ್ಕಕ್ಕೆ ಒಯ್ದು ಇಟ್ಟಳು. ಅಲ್ಲಿ ಅವಳ ಹೊಲದ್ದೇ, ಹಂದಿ ಮುಟ್ಟದ ಹೊಸ ಶೇಂಗಾ ಸೇರಿನ ತುಂಬ ಗೋಪುರವಾಗಿತ್ತು. ಮುದುಕ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಸಾಲದೆ ಒಡೆದು, ಒಳಗೆ ಬೆರಳಿಟ್ಟು ನೋಡಿದ.

"ಹೂಂ," ಅಂದ, "ತುಂಬೈತೆ."