ಅತ್ತಿಗೆಯ ಪಾಲು

ಸಿನಿಮಾ ಪರದೆಯ ಮೇಲೆ ಗಾಯಗೊಂಡ ಕುದುರೆಯೊಂದು ಕೆನೆಯಿತು. ಡೇರೆಯ ಹೊರಗೆ ಕಟ್ಟಿದ್ದ ಹಾಲುಕುದುರೆಗಳೆಲ್ಲ ಒಮ್ಮೆಲೇ ಓಗೊಟ್ಟವು. ಹೊಗೆಕಿಂಡಿ ಮುಚ್ಚಿ, ಹಾಡಹಗಲಲ್ಲೇ ಕತ್ತಲು ಮಾಡಿಕೊಂಡು ಕೂತಿದ್ದ ಸೂಸಮೀರ್ ಹುಲ್ಲುಗಾವಲಿನ ಐವತ್ತು ಜನಕ್ಕೂ ಮೈ ಜುಮ್ಮೆಂದಿತು. ತೋಳ ಮಂದೆಗೆ ಬಿದ್ದರೂ ಜಗ್ಗದ ಗಂಡಸರು ಟೋಪಿ ಕೆಳಗೆಳೆದುಕೊಂಡು ಅಳುತ್ತಿದ್ದರು. ಸಿನಿಮಾದ ಸಿಪಾಯಿ ಕುದುರೆಯ ಕೊರಳು ತಬ್ಬಿಕೊಂಡ.

"ನಮ್ಮ ಕಂದು ಕುದುರೆನೂ ಹೀಗೇ ಹೋಯ್ತಲ್ವಾ, ಚಿಕ್ಕ ಧಣಿ?" ಹಿರಿಯರ ಹಾಸಿನಿಂದ ಕಾಲಿಪಾ ಕೇಳಿದಳು.

ಮೈದುನನ ಹೆಸರು ಹಿಡಿಯಬಾರದೆಂದು ಮದುವೆಯಾಗಿ ಬಂದ ದಿನ ಅವಳಿಟ್ಟ ಅಡ್ಡಹೆಸರು ಅದು. ಈಗ ಬಾಗಿಲ ಬಳಿ ಕೂತಿದ್ದ ಜಂಗಾರಾಚನಿಗೆ ಅರವತ್ತು ದಾಟಿದರೂ ಬಿಟ್ಟಿರಲಿಲ್ಲ. ತವರಿನವರು ಕೊಟ್ಟ ಕುದುರೆಯನ್ನು ಅವಳೇ ಅವನ ಕೈಗಿಟ್ಟು ಯುದ್ಧಕ್ಕೆ ಕಳಿಸಿದ್ದಳು. ಗುಂಡಿಗೆ ಎದೆಕೊಟ್ಟು ಸತ್ತಿತೆಂದು ಅವನು ಬಂದು ಹೇಳಿದ್ದ. ಮೂವತ್ತು ವರ್ಷದಿಂದ, ಬಂದ ನೆಂಟರಿಗೆಲ್ಲ ಅವಳು ಅದನ್ನೇ ಹೆಮ್ಮೆಯಿಂದ ಹೇಳುತ್ತ ಬಂದಿದ್ದಳು.

ಇವತ್ತು ಅವನಿಗೆ ಹೂಂಗುಟ್ಟಲಾಗಲಿಲ್ಲ.

"ಇಲ್ಲ ಅತ್ತಿಗೆ. ನಾನೇ ಕೊಯ್ದೆ. ಹಿಮದಲ್ಲಿ ಸಿಕ್ಕಿಬಿದ್ದಿದ್ವಿ, ಹನ್ನೊಂದು ಜನ. ಒಂಬತ್ತು ದಿನದ ಉಪವಾಸ. ತಿಂದ್ವಿ."

"ಇಷ್ಟು ವರ್ಷ ನನ್ನ ಕಿವಿಗೆ ಹೂವಿಟ್ಟೆಯೇನೋ!" ಅವಳು ಹಾಸಿನ ಮೇಲೆ ಅಂಗೈ ಬಡಿದಳು. ಪರದೆಯ ಕಡೆ ಯಾರೂ ನೋಡುತ್ತಿರಲಿಲ್ಲ. ಆಮೇಲೆ ಕೇಳಿದಳು, "ಪಾಲು ಹ್ಯಾಗೆ ಹಾಕ್ದೆ?"

ಮಾಂಸ ಹಂಚುವಾಗ ಯಾವ ಎಲುಬು ಯಾರ ಮುಂದಿಡಬೇಕೆಂಬುದು ತಪ್ಪಿದರೆ ನಂಟಸ್ತನವನ್ನೇ ಮುರಿದುಕೊಳ್ಳುವ ಜನ ನಾವು.

"ಸೊಂಟದೆಲುಬು ವಯಸ್ಸಾದ ಸಿಪಾಯಿಗೆ ಹೋಯ್ತು. ಬಾಲದ ಬುಡದ್ದು..." ಜಂಗಾರಾಚ್ ಅತ್ತಿಗೆಯ ಕಡೆ ತಿರುಗಿದ. "ಅದು ಮನೆಯ ಹಿರಿಯಾಕೆಗೆ ಸಲ್ಲಬೇಕು. ಅಮ್ಮ ಆಗಲೇ ಇರಲಿಲ್ಲ, ನೀವೇ ಹಿರಿಯರು. ನಿಮ್ಮ ಪಾಲು ಅಂತ ಹೇಳಿ, ಬಟ್ಟೇಲಿ ಸುತ್ತಿ ಎಲ್ಲರ ಕಣ್ಣೆದುರೇ ಹಿಮದಲ್ಲಿ ಹೂತೆ. ಮಾಂಸ ಮುಗಿದು ಮತ್ತೆ ಉಪವಾಸ ಬಿದ್ವಿ. ಆಗಲೂ ಒಬ್ಬನೂ ಅದನ್ನ ಕೇಳಲಿಲ್ಲ. ಅವರಲ್ಲಿ ನಮ್ಮೋರು ಇಬ್ಬರೇ, ಉಳಿದವರೆಲ್ಲ ರಷ್ಯನ್ನರು."

ಹನ್ನೊಂದು ಹಸಿದ ಹೊಟ್ಟೆಗಳು, ಅವರಲ್ಲಿ ಹತ್ತು ಜನ ಕಂಡೇ ಇರದ ಹೆಂಗಸಿನ ಪಾಲು! ಮುದುಕನೊಬ್ಬ ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅಯ್ಯೋ ಹುಚ್ಚಪ್ಪಾ," ಕಾಲಿಪಾ ಬಿಕ್ಕಿದಳು, "ಅದನ್ನೂ ತಿನ್ನಬಾರದಿತ್ತಾ? ನಾನೇನು ಬೇಡ ಅಂತಿದ್ನಾ?"

ಪರದೆಯ ಮೇಲೆ ಸಿಪಾಯಿ ಒಬ್ಬನೇ ನಡೆದು ಹೋಗುತ್ತಿದ್ದ. ಅವಳು ಹಾಸಿನ ತುದಿಗೆ ಸರಿದು ಕೂತು, ಮೈದುನನ ಕಡೆ ನೋಡುತ್ತ, ಪಕ್ಕದಲ್ಲಿ ತೆರವಾದ ಜಾಗವನ್ನು ಅಂಗೈಯಿಂದ ಸವರಿದಳು.